ಖಾಲಾನ ಡಬ್ಬಿ ಕೊಚ್ಚಿಗೆ ಹೋದದ್ದು

ಯಾರಿಗಾದರೂ ಕೃತಜ್ಞತೆ ಹೇಳಲು ಹೊರಟಾಗಲೆಲ್ಲ ನನಗೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಅದರಲ್ಲೂ ಹಾವೇರಿಯ ನಮ್ಮ ಪಕ್ಕದ ಮನೆಯ, ಓಣಿಗೆಲ್ಲ ಚಿಕ್ಕಮ್ಮನಂಥ ಖಾಲಾ ವಿಷಯದಲ್ಲಿ ನಾನು ಒಮ್ಮೆಯೂ ಗೆದ್ದವಳಲ್ಲ.

ಸೀರೆ

ಹೋದ ಮಳೆಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ನನಗೆ ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ. ಬೆಳಗಿನ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ನಡುವಿನ ಹೊತ್ತೆಲ್ಲ ಅವ್ವನನ್ನು ಎಬ್ಬಿಸಿ, ಕೂಡಿಸಿ, ತಲೆ ಬಾಚಿ, ಬೈದು ಬೈದು ನಡೆಸಿದವರು ಖಾಲಾ. ಅವ್ವ ಕೋಲು ಬಿಟ್ಟು ಅಂಗಳದ ತನಕ ನಡೆದ ದಿನ ನಾನೊಂದು ಇಳಕಲ್ ಸೀರೆ ಒಯ್ದು ಕೊಟ್ಟೆ. ಮರುದಿನ ಖಾಲಾ ನನಗೊಂದು, ಅವ್ವನಿಗೊಂದು ಸೀರೆ ತಂದರು.

ನಮ್ಮ ಓಣಿಯಲ್ಲಿ ಯಾರ ಡಬ್ಬಿಯನ್ನೂ ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಖಾಲಾ ಈ ಪದ್ಧತಿಯನ್ನು ಇಡೀ ಬದುಕಿಗೇ ಹಚ್ಚಿಬಿಟ್ಟಿದ್ದಾರೆ.

ಅವರು ಹೊಳ್ಳಿ ಕೊಡಲಾಗದಂಥದ್ದು ಏನಿರಬಹುದು ಅಂತ ಬಹಳ ಯೋಚಿಸಿ, ಒಂದು ದಿನ ಹೇಳಿದೆ: "ಖಾಲಾ, ನಿಮಗ ಸಮುದ್ರ ತೋರಸ್ತೀನಿ. ಕೊಚ್ಚಿಗೆ ಹೋಗೂಣು ಬರ್ರಿ." ಸಮುದ್ರವನ್ನು ಯಾರೂ ಡಬ್ಬಿಯಲ್ಲಿ ತುಂಬಿ ಮರಳಿಸಲಾರರು ಎಂಬುದು ನನ್ನ ಲೆಕ್ಕಾಚಾರ.

"ನನಗ ಯಾಕವಾ ಸಮುದ್ರ?" ಅಂದವರು ಅವ್ವನ ಕಡೆ ನೋಡಿದರು. "ಆದ್ರ ಅಕ್ಕಾರನ್ನ ನೀ ಒಬ್ಬಾಕಿ ಹೆಂಗ ಸಂಭಾಳಸ್ತಿ? ನಿನ್ನ ಸಲುವಾಗಿ ಬರ್ತೀನಿ ತಗೋ."

ನನ್ನ ಕೃತಜ್ಞತೆ ಹೊರಡುವ ಮೊದಲೇ ಇನ್ನೊಂದು ಉಪಕಾರವಾಗಿ ತಿರುಗಿ ಬಂದಿತ್ತು.

ಬಲೆ

ಕೊಚ್ಚಿಯ ಹಳೇ ಕೋಟೆ ಭಾಗದ ದಂಡೆಯಲ್ಲಿ ಚೀನೀ ಬಲೆಗಳಿವೆ. ಭಾರೀ ತೊಲೆಗಳಿಗೆ ಕಟ್ಟಿದ, ಮನೆಯಷ್ಟು ದೊಡ್ಡ ಬಲೆ. ಐದಾರು ಮಂದಿ ಹಗ್ಗ ಜಗ್ಗಿದರೆ ನೀರಿನಿಂದ ಮೇಲೇಳುತ್ತದೆ. ಪ್ರವಾಸಿಗಳನ್ನೂ ಜಗ್ಗಲು ಕರೆಯುತ್ತಾರೆ. ಅವ್ವನನ್ನು ಕಟ್ಟೆಯ ಮೇಲೆ ಕೂಡಿಸಿ ಖಾಲಾ ಸೆರಗು ಸಿಗಿಸಿಕೊಂಡು ಹೋದರು. ಎಲ್ಲರೂ "ಹೋಯ್" ಅಂತ ಜಗ್ಗಿದ ಮೇಲೆ ಬಲೆಯಲ್ಲಿ ಬಂದದ್ದು ಒಂದು ಬೊಗಸೆ ಸಣ್ಣ ಮೀನು, ಒಂದು ರಬ್ಬರ್ ಚಪ್ಪಲಿ.

ಖಾಲಾನ ತವರು ತುಂಗಭದ್ರೆ ದಂಡೆಯ ಐರಣಿ. "ಇಷ್ಟಕ್ಕ ಇಷ್ಟು ಮಂದಿ? ನಮ್ಮಣ್ಣ ಒಬ್ಬನ ಹೊಳ್ಯಾಗ ನಿಂತು ಬಲಿ ಬೀಸಿದ್ರ ಬುಟ್ಟಿ ತುಂಬತಿತ್ತು" ಅಂದರು.

"ಖಾಲಾ, ಈ ಬಲಿ ನೂರಾರು ವರ್ಷದ ಹಿಂದ ಚೀನಾದಿಂದ ಬಂದಾವಂತ್ರಿ" ಅಂತ ನಾನು ಇತಿಹಾಸ ಬಿಚ್ಚಿದೆ.

ಖಾಲಾ ಚಪ್ಪಲಿಯನ್ನೇ ನೋಡುತ್ತ ಹೇಳಿದರು: "ಅದಕ್ಕ ಅವರು ಇನ್ನೂ ವಾಪಸ್ ಕೇಳಿಲ್ಲ."

ಮೆಣಸಿನಕಾಯಿ

ಅವ್ವ ಬ್ಯಾಡಗಿಯಲ್ಲಿ ಹುಟ್ಟಿದವಳು. ಇದನ್ನು ಅರಿಯದ ಸಾಂಬಾರ ಪದಾರ್ಥದ ಅಂಗಡಿಯವನೊಬ್ಬ, ನಮ್ಮನ್ನು ಒಳಗೆ ಕರೆದು, ಕೆಂಪು ಚೀಲವೊಂದನ್ನು ತೆರೆದು, "ಅಮ್ಮಾ, ಬ್ಯಾಡಗಿ ಮೆಣಸಿನಕಾಯಿ! ವರ್ಲ್ಡ್ ಫೇಮಸ್!" ಅಂದ.

ಅವ್ವ ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಮುರಿದಳು. ಮೂಸಿದಳು. "ಹೋದ ವರ್ಷದ್ದು. ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟದ್ದು" ಅಂತ ತೀರ್ಪು ಕೊಟ್ಟಳು. ಅಷ್ಟಕ್ಕೆ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಪಕ್ಕದಲ್ಲಿದ್ದ ಗಿರಾಕಿಗಳ ಕೈಯಿಂದಲೂ ಕಾಯಿ ಇಸಿದುಕೊಂಡು ವಾಪಸ್ ಚೀಲಕ್ಕೆ ಹಾಕತೊಡಗಿದಳು.

ಅಂಗಡಿಯವ ಸಿಟ್ಟಾಗಲಿಲ್ಲ. ಅವ್ವನಿಗೆ ಕುರ್ಚಿ ಹಾಕಿದ, ಚಹಾ ತರಿಸಿದ. ಎಂಥಾ ಸಂಸ್ಕಾರವಂತ ಅಂತ ನಾವು ಕೊಂಡಾಡುತ್ತಾ ಹೊರಬಂದ ಮೇಲೆಯೇ ನನಗೆ ಹೊಳೆದದ್ದು: ಕುರ್ಚಿಯನ್ನು ಅವ ಹಾಕಿದ್ದು ರಸ್ತೆಯ ಆಚೆ, ಎದುರಿನ ಅಂಗಡಿಯ ಮುಂದೆ.

ಡಬ್ಬಿ

ನಾವು ಇಳಿದುಕೊಂಡದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಗಂಡ ಮುಂಬೈಯಲ್ಲಿ ನೌಕರಿಗಿದ್ದಾಗ ಕಲಿತ ಹಿಂದಿ ಆಕೆಗಿತ್ತು; ಖಾಲಾಗೆ ಹಾವೇರಿಯ ಉರ್ದು. ಮೊದಲ ದಿನವೇ ಖಾಲಾ ತಮ್ಮ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿ ಕೊಟ್ಟರು. ಮರುದಿನ ಬೆಳಿಗ್ಗೆ ಡಬ್ಬಿ ಬಾಗಿಲ ಮುಂದಿತ್ತು. ತೊಳೆದು, ಒರೆಸಿ, ಫಳಫಳ. ಒಳಗೆ ಏನೂ ಇಲ್ಲ.

"ಹಿಡಿಸಿಲ್ಲ ಕಾಣತೈತಿ" ಅಂದಳು ಅವ್ವ.

"ಹಿಡಿಸದಿದ್ರ ಹೋಳಿಗಿ ಉಳೀಬೇಕಿತ್ತಲ್ರಿ ಅಕ್ಕಾರ? ಸಿಟ್ಟು ಬಂದೈತಿ" ಅಂದರು ಖಾಲಾ. ನಾಷ್ಟಾ ಇಬ್ಬರಿಗೂ ಇಳಿಯಲಿಲ್ಲ.

ನೋಡಲಾರದೆ ನಾನು ಮನೆಯೊಡತಿಯ ಹತ್ತಿರ ಹೋಗಿ ನಮ್ಮ ಓಣಿಯ ಪದ್ಧತಿ ತಿಳಿಸಿದೆ. ಒಂದು ಚಿಟಿಕೆ ಸಕ್ಕರೆ ಹಾಕಿದರೆ ಸಾಕು ಅಂದೆ. ಪಾಪ, ಆಕೆ ಮುಖ ಮುಚ್ಚಿಕೊಂಡು ನಕ್ಕಳು. ಸಂಜೆ ಡಬ್ಬಿಯ ತುಂಬ ಬಾಳೆಕಾಯಿ ಚಿಪ್ಸು ಬಂತು. ಬಂದದ್ದು ತುಂಬಿದ ಡಬ್ಬಿ, ಆದ್ದರಿಂದ ಖಾಲಾ ಅದರಲ್ಲಿ ಶೇಂಗಾ ಚಟ್ನಿ ಕಳಿಸಿದರು. ಆಕೆ ಹಲಸಿನ ಹಲ್ವ. ಇವರು ಖಡಕ್ ರೊಟ್ಟಿ ಮುರಿದು ತುಂಬಿ ಕಳಿಸಿದರು. ಅರಮನೆ ನೋಡಲು ಹೊರಟವರು ಡಬ್ಬಿ ಕಾಯುತ್ತ ಕೂತೆವು.

ಹೊರಡುವ ದಿನ ಆಟೋ ಬಾಗಿಲಲ್ಲಿ ನಿಂತಿದೆ, ನಮ್ಮ ಗಂಟುಗಳೆಲ್ಲ ಬರಿದಾಗಿವೆ, ಆಕೆ ಓಡೋಡಿ ಬಂದು ತುಂಬಿದ ಡಬ್ಬಿಯನ್ನು ಅವ್ವನ ತೊಡೆಯ ಮೇಲಿಟ್ಟಳು: ಒಣ ಸಿಗಡಿಯ ಚಟ್ನಿ. ಮೊಟ್ಟೆಯ ವಾಸನೆ ಬಂದರೂ ಊಟ ಬಿಟ್ಟೇಳುವ ನನ್ನ ಅವ್ವನ ತೊಡೆಯ ಮೇಲೆ!

ರೈಲು

ಆ ಡಬ್ಬಿಯನ್ನು ಅವ್ವ ರೈಲಿನಲ್ಲೂ ಕೆಳಗಿಡಲಿಲ್ಲ. ಮೂಗಿಗೆ ಸೆರಗು, ತೊಡೆಯ ಮೇಲೆ ಡಬ್ಬಿ. ಖಾಲಾ ಮುಜುಗರಪಟ್ಟು, "ಕೊಡ್ರಿ ಅಕ್ಕಾರ, ನಾ ಹಿಡೀತೀನಿ. ನಿಮಗ ವಾಸನಿ ಆಗಂಗಿಲ್ಲ" ಅಂದರು.

"ಕುಂದರ್ ಸುಮ್ನ" ಅಂದಳು ಅವ್ವ. "ಹಾಸಿಗ್ಯಾಗ ಬಿದ್ದಾಗ ನೀ ನನ್ನದೇನೇನೋ ತೊಳದಿ. ಆವಾಗ ನೀ ಮೂಗು ಮುಚ್ಚಿದ್ದಿಲ್ಲ. ನಾ ಮುಚ್ಚೀನಿ, ಅಷ್ಟ ಫರಕು."

ಖಾಲಾ ಕಿಟಕಿಯ ಕಡೆ ತಿರುಗಿ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡರು. ನಾನೂ ಕಣ್ಣೊರೆಸಿಕೊಂಡೆ, ಕಾರಣ ಸಿಗಡಿಯ ಘಾಟು ಅಂತ ಹೇಳಲು ಅನುಕೂಲವಿತ್ತು.

ಹರಿಹರ ದಾಟಿ, ತುಂಗಭದ್ರೆಯ ಸೇತುವೆ ಕಳೆದು, ರಾಣೆಬೆನ್ನೂರು ಹತ್ತಿರಾದಾಗ ಧೈರ್ಯ ಮಾಡಿದೆ. "ಖಾಲಾ, ಇದೊಂದು ಸಲ ಹೊಳ್ಳಿ ಏನೂ ಕೊಡಲಾರದ ಇಸಗೊಂಡ್ರಿ ನೋಡ್ರಿ. ಡಬ್ಬಿನೂ, ಸಮುದ್ರನೂ. ನನಗ ಇಷ್ಟ ಬೇಕಾಗಿತ್ತು."

ಖಾಲಾ ನನ್ನನ್ನು ಮರುಕದಿಂದ ನೋಡಿದರು. "ಯಾರು ಹೇಳಿದ್ರು? ಆಟೋ ಹತ್ತೂ ಮುಂದನ ಆ ಮನಿ ಒಡತೀನ್ನ ನಮ್ಮೂರಿಗೆ ಕರದ ಬಂದೇನಿ. ಮಗ, ಸೊಸಿ, ಮಗಳು, ಅಳಿಯ, ಮೊಮ್ಮಕ್ಕಳು, ಎಲ್ಲಾರೂ ಬರ್ತಾರ. ಎಂಟು ದಿನ ಇರ್ತಾರ."

"ಅಷ್ಟು ಮಂದಿ ನಿಮ್ಮ ಮನ್ಯಾಗ ಹೆಂಗ ಹಿಡಿಸ್ತಾರ್ರೀ?"

"ನಮ್ಮನಿ ಸಣ್ಣದೈತಲ್ಲ, ನಿಮ್ಮ ಮನ್ಯಾಗ ಇಳೀತಾರ" ಅಂದರು ಖಾಲಾ, ನನ್ನ ಬೆನ್ನು ಸವರುತ್ತ. "ನನ್ನ ಸಲುವಾಗಿ ಏನರ ಮಾಡಬೇಕು, ಏನರ ಮಾಡಬೇಕು ಅಂತ ಒದ್ದಾಡತಿದ್ದೆಲ್ಲವಾ ಮಗಳ. ಈಗ ಮಾಡು."