ಮುಖ್ಯ ಅತಿಥಿಗಳು ಇನ್ನೇನು ಬಂದರು

ಮರಾಠಿ ಸೀಮೆಯ ಓಝರ್ ಹತ್ತಿರದ ಕಾರ್ಖಾನೆಯಲ್ಲಿ ನನ್ನದು ಅಳೆಯುವ ಕೆಲಸ. ತಯಾರಾದ ಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ನಾನು ಹಿಂದಕ್ಕೆ ಕಳಿಸುತ್ತಿದ್ದೆ. ಇಷ್ಟು ಕರಾರುವಾಕ್ಕಾದ ಮನುಷ್ಯ ನಿರೂಪಣೆಯನ್ನೂ ಹಾಗೇ ಮಾಡುತ್ತಾನೆಂದು ನಂಬಿ, ನಮ್ಮ ಪುಟ್ಟ ಕನ್ನಡ ಸಂಘದ ಅಧ್ಯಕ್ಷರಾದ ಬಿರಾದಾರರು ಆ ವರ್ಷದ ರಾಜ್ಯೋತ್ಸವದ ಮೈಕನ್ನು ನನ್ನ ಕೈಗಿತ್ತರು. ನಾನೂ ಹಾಗೇ ನಂಬಿದ್ದೆ.

ಮುಖ್ಯ ಅತಿಥಿಯನ್ನು ಸೂಚಿಸಿದವನೂ ನಾನೇ. ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದಿನಲ್ಲಿ ನಮ್ಮ ಕಲಬುರಗಿ ಕಡೆಯ ನಿವೃತ್ತ ಪ್ರೊಫೆಸರ್ ಮಠಪತಿಯವರಿದ್ದರು. ಕರೆದ ಕೂಡಲೇ ಒಪ್ಪಿಕೊಂಡರು. ಅಷ್ಟು ಸಲೀಸಾಗಿ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಆದರೆ ನನ್ನ ಮನೆಯ ಮಟ್ಟಿಗೆ ಕಾರ್ಯಕ್ರಮದ ಮುಖ್ಯ ಅತಿಥಿ ನನ್ನ ಅವ್ವ. ಊರಿಂದ ಬಂದು ತಿಂಗಳಾಗಿತ್ತು. ನನ್ನ ಮಗಳು ಗೌರಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಮರಾಠಿ. ಅವ್ವನಿಗೆ ಮರಾಠಿ ಸುತರಾಂ ಬಾರದು. ಹೀಗಾಗಿ ಅಜ್ಜಿ ಮೊಮ್ಮಗಳ ಸಂಭಾಷಣೆಯೆಲ್ಲ ಕೈಸನ್ನೆಯಲ್ಲೇ ನಡೆದಿತ್ತು. "ಒಂದು ಮಾತರ ಕನ್ನಡದಾಗ ಆಡಿಸಪ್ಪಾ, ಕೇಳಿ ಹೋಗ್ತೀನಿ" ಎಂದು ಅವ್ವ ದಿನಾ ಹೇಳುತ್ತಿದ್ದಳು. ಅದಕ್ಕೆಂದೇ ಗೌರಿಗೆ ಒಂದು ಚಿಕ್ಕ ಕನ್ನಡ ಭಾಷಣ ಬಾಯಿಪಾಠ ಮಾಡಿಸಿದ್ದೆ. ಅಂದೇ ರಾತ್ರಿ ಅವ್ವನಿಗೆ ಕಲಬುರಗಿ ಬಸ್ಸು. ಚೀಲ ಕಾಲ ಬಳಿ ಇಟ್ಟುಕೊಂಡು ಅವಳು ಮುಂದಿನ ಸಾಲಿನಲ್ಲೇ ಕುಳಿತಳು.

ಸಭಾಗೃಹ ತುಂಬಿತು. ಅತಿಥಿ ಇಲ್ಲ. ಫೋನ್ ಮಾಡಿದೆ.

"ಬಂದ್ವಿರಿ, ಬಂದ್ವಿ. ಖುಲ್ತಾಬಾದ್‌ನ್ಯಾಗ ಮಾರುತಿ ದರ್ಶನ ಮುಗಿಸಿ ಹೊಂಟೇ ಬಿಟ್ಟೀವಿ" ಎಂದರು ಪ್ರೊಫೆಸರರು. ಅಂದರೆ ತಮ್ಮ ಊರಿನ ಅಂಗಳವನ್ನೂ ಸರಿಯಾಗಿ ದಾಟಿರಲಿಲ್ಲ.

ಬಿರಾದಾರರು ನನ್ನ ಕಿವಿಯಲ್ಲಿ ಹೇಳಿದರು: "ಮಂದೀನ ಹಿಡ್ಕೊಂಡು ಕೂಡ್ಸೋದು ನಿಮ್ಮ ಕೈಯಾಗದರಿ. ಒಂದೇ ಮಾತು ಎರಡು ಸಲ ಅನಬ್ಯಾಡ್ರಿ. ಅಂದ್ರೋ, ಎದ್ದು ಹೋಗ್ತಾರ."

ಇಂಗ್ಲಿಷಿನವರು ಬರೀ 'ಸೂನ್' ಎಂದು ಕೈ ತೊಳೆದುಕೊಳ್ಳಬಹುದು. ನಮಗೇನು ಬಡತನ? ನಾನು ಗಂಟಲು ಸರಿಮಾಡಿಕೊಂಡು, "ಮುಖ್ಯ ಅತಿಥಿಗಳು ಶೀಘ್ರದಲ್ಲೇ ಆಗಮಿಸಲಿದ್ದಾರೆ" ಎಂದೆ. ಜನ ನಿರಾಳವಾಗಿ ಕಾಲು ಚಾಚಿದರು. ಬಾಗಿಲು ಹಾಕಿದ ಅಂಗಡಿಗಳ ಮೇಲೆ 'ಶೀಘ್ರದಲ್ಲೇ ಆರಂಭ' ಎಂಬ ಫಲಕ ಬಿಸಿಲಿಗೆ ಬಣ್ಣಗೆಡುವುದನ್ನು ಎಲ್ಲರೂ ನೋಡಿದ್ದರು.

ಮುಂದಿನ ಸಲ "ಇನ್ನು ಸ್ವಲ್ಪ ಹೊತ್ತಿನಲ್ಲಿ" ಎಂದೆ. ಗಂಡಸರು ಚಹಾಕ್ಕೆ ಎದ್ದರು. ಆ ಮಾತಿನ ಬೆಲೆ ಒಂದು ಚಹಾ ಎಂದು ಅವರಿಗೆ ಗೊತ್ತಿತ್ತು.

ಮತ್ತೆ ಫೋನ್. "ಬಂದ್ವಿರಿ. ಯೇವಲಾದಾಗ ನಮ್ಮಾಕಿ ಪೈಠಣಿ ನೋಡ್ಲಾಕತ್ತಾಳ. ಬರೀ ನೋಡೋದು." ಬರೀ ನೋಡಿ ಎದ್ದುಬಂದ ಹೆಣ್ಣುಮಗಳು ಯೇವಲಾದ ಸೀರೆ ಅಂಗಡಿಗಳ ಇತಿಹಾಸದಲ್ಲೇ ಇರಲಿಕ್ಕಿಲ್ಲ.

ಹಿಂದಿನ ಸಾಲಿನವರು ಗಡಿಯಾರ ನೋಡತೊಡಗಿದರು. ಆ ಗಾಬರಿಯಲ್ಲಿ "ಅತಿಥಿಗಳು ಇನ್ನೇನು ಬಂದರು" ಎಂದುಬಿಟ್ಟೆ. ಅದು ಎಂಥ ಅಪಾಯದ ಮಾತೆಂದು ತಿಳಿದದ್ದು ಆಮೇಲೆ. 'ಶೀಘ್ರ'ಕ್ಕೆ ಯಾರೂ ಏಳುವುದಿಲ್ಲ, 'ಇನ್ನೇನು' ಅಂದರೆ ಎದ್ದೇಳುತ್ತಾರೆ. ಮಹಿಳಾ ಮಂಡಳಿಯವರು ಆರತಿ ಹಚ್ಚಿಕೊಂಡು ಗೇಟಿಗೆ ಓಡಿದರು. ದೀಪ ಗಾಳಿಗೆ ಆರಿತು. ಹಚ್ಚಿದರು. ಮತ್ತೆ ಆರಿತು. ಕೊನೆಗೆ ಹಾಲು ಹಾಕಲು ಬಂದ ಗೌಳಿ ಗಾಬರಿಯಾಗಿ ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡಿದ.

ಶೈಲಾ, ನನ್ನ ಹೆಂಡತಿ, ವೇದಿಕೆಯ ಪಕ್ಕಕ್ಕೆ ಬಂದಳು. "ಗೌರೀದು ಮೊದಲು ಮಾಡಿಸ್ರಿ. ಅತ್ತೀ ಬಸ್ ತಪ್ತದ."

"ಅತಿಥಿಗಳು ದೀಪ ಬೆಳಗದೇ ಕಾರ್ಯಕ್ರಮ ಶುರು ಮಾಡಲಾಕ ಬರಂಗಿಲ್ಲ" ಎಂದೆ. ನಿಯಮ ಎಂದರೆ ನಿಯಮ. ಬಣ್ಣ ಬಳಿದುಕೊಂಡ ಗೌರಿ ಪರದೆಯ ಹಿಂದೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಆದರೂ ಮೈಕಿಗೆ ಮರಳಿದೆ.

"ಕೆಲವೇ ಕ್ಷಣಗಳಲ್ಲಿ" ಎಂದೆ. ಹಿಂದೆ ಅಡುಗೆಯವನು ಇದನ್ನೇ ಕಾಯುತ್ತಿದ್ದನೋ ಏನೋ, ಮೆಣಸಿನಕಾಯಿ ಭಜಿಯನ್ನು ಎಣ್ಣೆಗೆ ಬಿಟ್ಟ. ವಾಸನೆ ಬಂತು. ಕನ್ನಡಾಭಿಮಾನಿಗಳು ಒಬ್ಬೊಬ್ಬರಾಗಿ ವಾಸನೆಯ ದಿಕ್ಕಿಗೆ ನಡೆದರು.

ಮತ್ತೆ ಫೋನ್. ಪಿಂಪಳಗಾಂವ್ ಬಸವಂತದಲ್ಲಿ ಉಳ್ಳಾಗಡ್ಡಿ ಟ್ರ್ಯಾಕ್ಟರುಗಳ ಸಾಲಿನ ನಡುವೆ ಅತಿಥಿಗಳು ಸಿಕ್ಕಿಬಿದ್ದಿದ್ದರು. "ಬಂದ್ವಿರಿ" ಎಂದರು. ಅವರನ್ನು ಬೈಯಲು ನನಗೆ ಬಾಯಿಯಿರಲಿಲ್ಲ. ಮನೆಯಲ್ಲಿ ಸ್ನಾನಕ್ಕೆ ಇಳಿಯುವ ಮುಂಚೆ ನಾನೂ ಎಷ್ಟೋ ಸಲ ಫೋನಿನಲ್ಲಿ 'ಬಂದೆ' ಅಂದವನೇ.

ಬತ್ತಳಿಕೆಯಲ್ಲಿ ಉಳಿದದ್ದು ಒಂದೇ, ಬೇಗ ಎನ್ನುವುದಕ್ಕೆ ಹಳೆಯ ಪಂಡಿತರ ಪದ. "ಅತಿಥಿಗಳು ಅಚಿರಕಾಲದಲ್ಲಿ ನಮ್ಮ ನಡುವೆ..." ಎಂದು ಗದ್ಗದ ಕಂಠದಲ್ಲಿ ಹೇಳಿದೆ. ಸಭೆ ಥಟ್ಟನೆ ಗಂಭೀರವಾಯಿತು. ಒಬ್ಬ ಹಿರಿಯರು ಟೊಪ್ಪಿಗೆ ತೆಗೆದು ಎದ್ದು ನಿಂತರು. ಪಕ್ಕದವರು ಮೆಲ್ಲಗೆ ಕೇಳಿದರು: "ಯಾವಾಗ ತೀರಿಕೊಂಡ್ರಂತ?"

ಅಷ್ಟರಲ್ಲಿ ಅವ್ವ ಚೀಲ ಎತ್ತಿಕೊಂಡು ನಿಂತಳು. "ನಾ ಹೊಂಡ್ತೀನಪ್ಪಾ. ಬಸ್ಸಿಗಿ ಹೊತ್ತಾತು. ನಸೀಬದಾಗಿಲ್ಲ ಬಿಡು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಒಂದು ತಿಂಗಳು ಕಾದವಳಿಗೆ ನಾನು ಕೊಟ್ಟದ್ದು ಬರೀ ಪದಗಳು.

ಶೈಲಾ ನನ್ನ ಕೈಯಿಂದ ಮೈಕು ಕಿತ್ತುಕೊಂಡಳು. ಗೌರಿಯನ್ನು ಎಬ್ಬಿಸಿ ಮುಂದೆ ನಿಲ್ಲಿಸಿದಳು. ಅವ್ವ ಚೀಲ ಹಿಡಿದುಕೊಂಡೇ ನಿಂತಳು.

ನಿದ್ದೆಗಣ್ಣಿನ ಹುಡುಗಿ ಅತ್ತ ಇತ್ತ ನೋಡಿತು. ಭಾಷಣ ಮರೆತುಹೋಗಿತ್ತು. ನಾನು ಕೆಳಗಿನಿಂದ ಮೊದಲ ಸಾಲನ್ನು ಬಾಯಿ ಆಡಿಸಿ ತೋರಿಸಿದೆ. ಹುಡುಗಿ ನನ್ನನ್ನೇ ದಿಟ್ಟಿಸಿತು. ಆಮೇಲೆ ಕೈ ಜೋಡಿಸಿ, ಗಂಟಲು ಸರಿಮಾಡಿಕೊಂಡು, ಒಂದಕ್ಷರ ತೊದಲದೆ ಶುರು ಮಾಡಿತು:

"ಆತ್ಮೀಯ ಕನ್ನಡಿಗರೇ, ದಯವಿಟ್ಟು ಕುಳಿತುಕೊಳ್ಳಿ. ಮುಖ್ಯ ಅತಿಥಿಗಳು ಶೀಘ್ರದಲ್ಲೇ, ಇನ್ನು ಸ್ವಲ್ಪ ಹೊತ್ತಿನಲ್ಲಿ, ಇನ್ನೇನು, ಕೆಲವೇ ಕ್ಷಣಗಳಲ್ಲಿ, ಅಚಿರಕಾಲದಲ್ಲಿ ಬಂದರು. ಜೈ ಕರ್ನಾಟಕ."

ಭಜಿ ಹಿಡಿದ ಕೈಗಳೆಲ್ಲ ಚಪ್ಪಾಳೆ ತಟ್ಟಿದವು. ಅದೇ ಗಳಿಗೆಗೆ ಪ್ರೊಫೆಸರರು ಸೀರೆಯ ಚೀಲ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ಚಪ್ಪಾಳೆ ತಮಗೇ ಎಂದುಕೊಂಡು ಎಲ್ಲರಿಗೂ ಕೈ ಮುಗಿದರು.

ಬಿರಾದಾರರಿಗೆ ಮೈಕು ಒಪ್ಪಿಸಿ ನಾವು ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವ್ವ ಗೌರಿಯ ಕೆನ್ನೆಯ ಬಣ್ಣವನ್ನು ಸೆರಗಿನಿಂದ ಒರೆಸುತ್ತಿದ್ದಳು. "ಎಷ್ಟು ಛಂದ ಕನ್ನಡ ಮಾತಾಡ್ತಾಳ" ಎಂದಳು. ಸ್ವಲ್ಪ ತಡೆದು, "ಒಂದೂ ಖರೆ ಇರಲಿಲ್ಲ, ಆ ಮಾತು ಬ್ಯಾರೆ" ಎಂದಳು.

ಬಸ್ಸು ಸಿಕ್ಕಿತು. ಕಿಟಕಿಯಿಂದ ಅವ್ವ ಕೇಳಿದಳು: "ಊರಿಗಿ ಯಾವಾಗ ಬರ್ತೀಯೋ?"

"ಲಗೂನ ಬರ್ತೀನವ್ವಾ" ಎಂದೆ, 'ಶೀಘ್ರದಲ್ಲೇ' ಎಂಬುದನ್ನು ನಮ್ಮೂರ ಮಾತಿಗೆ ತಿರುಗಿಸಿ.

ಅವ್ವ ನನ್ನ ಕಡೆ ನೋಡಲೇ ಇಲ್ಲ. ಮೊಮ್ಮಗಳ ಕಡೆ ಬಗ್ಗಿ ಹೇಳಿದಳು: "ಗೌರವ್ವಾ, ಇದೊಂದು ಬಿಟ್ಟಿದ್ದಿ ನೋಡು. ಭಾಷಣಕ್ಕ ಸೇರ್ಸ್ಕೋ."