ಕಾಕನ ಎಡಗೈ

ನೆರೆಮನೆಯ ಕಾಕ ದುಬೈ ಬಿಟ್ಟು ಅಜ್ಜಾವರಕ್ಕೆ ಬಂದು ವರ್ಷವಾಯಿತು. ಅವರ ಬಲಗೈ ಮಾತ್ರ ಇನ್ನೂ ಅಲ್ಲೇ ಉಂಟು. ನಂಬುವುದಿಲ್ಲವೇ? ಅವರ ಕಾರಿನ ಬಲಬಾಗಿಲಿನ ಒಳಬದಿ ನೋಡಿ, ಒಂದು ಅಂಗೈಯಗಲ ಸವೆದಿದೆ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ. ಇಪ್ಪತ್ತು ವರ್ಷದ ಅಭ್ಯಾಸ. ಇಲ್ಲಿ ಗೇರು ಬದಲಿಸಬೇಕಾದಾಗಲೆಲ್ಲ ಬಲಗೈ ಹೋಗಿ ಬಾಗಿಲಿಗೆ ಗುದ್ದುತ್ತದೆ.

ಬೇರೆಯವರಾದರೆ ನಿಧಾನ ಓಡಿಸುತ್ತಿದ್ದರು. ಕಾಕನಿಗೆ ಡ್ರ್ಯಾಗ್ ರೇಸಿನ ಹುಚ್ಚು. ನೇರ ದಾರಿಯಲ್ಲಿ ಯಾರ ಕಾರು ಮೊದಲು ಮುಟ್ಟುತ್ತದೆ ಎಂಬ ಆ ಆಟದಲ್ಲಿ, ಗೇರು ಬದಲಿಸುವಾಗ ಕಳೆಯುವ ಅರ್ಧ ಸೆಕೆಂಡೇ ಸೋಲು. ಹಾಗಾಗಿ ಐವತ್ತು ದಾಟಿದ ಮೇಲೆ ಎಡಗೈಗೆ ಪಾಠ ಶುರುವಾಯಿತು. ಮರಳು ತುಂಬಿದ ಬಕೆಟಿನಲ್ಲಿ ಕೊಡೆ ಊರಿ, ಜಗಲಿಯ ಕುರ್ಚಿಯಲ್ಲಿ ಕುಳಿತು ಒಂದು, ಎರಡು, ಮೂರು, ನಾಲ್ಕು.

"ಮಳೆ ಬಂದ್ರೆ ನಮಗೆ ಕೊಡೆ ಇಲ್ಲ," ಎಂದರು ಅವರ ಹೆಂಡತಿ. "ಅದು ಮೂರನೇ ಗೇರಲ್ಲಿ ಉಂಟು."

ಕಾಕ ನನಗೂ ಕಲಿಸಿದರು. "ಮುಷ್ಟಿಯಲ್ಲಿ ಹಿಡಿಯುದಲ್ಲ ಮಾರಾಯ, ಅಂಗೈಯಲ್ಲಿ ತಳ್ಳುದು. ಎರಡರಿಂದ ಮೂರಕ್ಕೆ ಅದೇ ದಾರಿ ಹುಡುಕ್ತದೆ. ಓಟ ಮುಗಿಯುವವರೆಗೆ ಕೈ ಗೇರು ಬಿಡ್ಲಿಕ್ಕೆ ಇಲ್ಲ. ಬಿಟ್ಟರೆ ಅರ್ಧ ಸೆಕೆಂಡು ಹೋಯ್ತು."

ಕೊನೆಗೆ ನಿಜವಾದ ಪರೀಕ್ಷೆ. ಅರಂತೋಡಿನ ಹತ್ತಿರ ಅವರ ಭಾವನ ರಬ್ಬರ್ ತೋಟದೊಳಗೆ ನೇರವಾದ ಮಣ್ಣುದಾರಿ ಉಂಟು. ತುದಿಯಲ್ಲಿ ಇಳಿಜಾರು, ಇಳಿಜಾರಿನ ಬುಡದಲ್ಲಿ ಹೊಳೆ. ಸಮಯ ನೋಡುವ ಕೆಲಸ ನನ್ನದು. "ನೀವು ಪಕ್ಕದಲ್ಲಿ ಕೂತ್ರೆ ಅವರಿಗೆ ಸ್ವಲ್ಪ ಹೆದರಿಕೆ ಇರ್ತದೆ," ಎಂದು ಅವರ ಹೆಂಡತಿಯೇ ಕಳಿಸಿದ್ದು. ಹೆದರಿಕೆ ಇದ್ದದ್ದು ನನಗೆ. ಬೆಲ್ಟನ್ನು ಎರಡು ಸಲ ಎಳೆದು ನೋಡಿದೆ. "ಗಟ್ಟಿ ಉಂಟು, ನಾನೇ ಹಾಕಿಸಿದ್ದು," ಎಂದು ಕಾಕ ನಕ್ಕರು.

ನಾನು ಸ್ಟಾಪ್‌ವಾಚ್ ಒತ್ತಿದೆ. ಒಂದು, ಎರಡು, ಮೂರು, ನಾಲ್ಕು: ಬಾಗಿಲಿಗೆ ಒಂದೂ ಗುದ್ದು ಬೀಳಲಿಲ್ಲ. ದಾರಿ ಮುಗಿಯಿತು. ಕಾಕ ಬ್ರೇಕ್ ತುಳಿದರು. ಕಾರು ನಿಲ್ಲಲಿಲ್ಲ. ಮತ್ತೆ ತುಳಿದರು, ಪೆಡಲು ನೆಲ ಮುಟ್ಟಿತು.

ಮುಂದಿನದನ್ನು ನಾನು ಕಂಡ ಹಾಗೆಯೇ ಬರೆಯುತ್ತೇನೆ. ಇಳಿಜಾರು ಶುರುವಾಯಿತು. ಎಡಗೈ ನಾಲ್ಕರಿಂದ ಮೂರಕ್ಕೆ ಎಳೆಯಿತು, ಎಂಜಿನ್ ಕಿರುಚಿತು. ಮೂರರಿಂದ ಎರಡಕ್ಕೆ. ಹೊಳೆಯ ನೀರು ಕಂಡಿತು. ಎರಡರಿಂದ ಒಂದಕ್ಕೆ. ಕಾಕ ಸ್ಟಿಯರಿಂಗನ್ನು ಬಲಕ್ಕೆ, ತಮ್ಮ ಬದಿಗೇ ತಿರುಗಿಸಿ ಕಾರನ್ನು ದಾರಿ ಬದಿಯ ಮಣ್ಣಿನ ದರೆಗೆ ಒರಸಿದರು, ಕೈಬ್ರೇಕು ಎಳೆದರು. ನಿಂತಿತು. ಹೊಳೆಗೆ ಇನ್ನೂ ಎರಡು ಕಾರಿನಷ್ಟು ಜಾಗ ಇತ್ತು. ಇಳಿದ ಮೇಲೆ ಹೆಜ್ಜೆ ಹಾಕಿ ಅಳೆದಿದ್ದೇನೆ.

ಉಸಿರು ಬಂದ ಮೇಲೆ ಕಾಕ ಕೇಳಿದರು: "ಎಷ್ಟು ಬಂತು?"

ವಾಚು ಇನ್ನೂ ಓಡುತ್ತಿತ್ತು.

"ಗೊತ್ತಿಲ್ಲ ಕಾಕ. ಆದರೆ ನಿಮ್ಮ ಕೈ ಮೂರು ಸಲ ಗೇರು ಬಿಟ್ಟಿತು."

"ಬಿಡ್ಲಿಕ್ಕೆ ಸಾಧ್ಯವೇ ಇಲ್ಲ."

ಬಿಟ್ಟಿತ್ತು. ಪ್ರತಿ ಗೇರು ಇಳಿಸಿದ ಕೂಡಲೇ ಆ ಕೈ ಬಂದು ನನ್ನ ಎದೆಯನ್ನು ಸೀಟಿಗೆ ಒತ್ತಿ ಹಿಡಿಯುತ್ತಿತ್ತು, ಮತ್ತೆ ಗೇರಿಗೆ ಹೋಗುತ್ತಿತ್ತು. ಬೆಲ್ಟು ಗಟ್ಟಿ ಉಂಟೆಂದು ಅವರಿಗೆ ಗೊತ್ತಿದ್ದೂ.

ನಾನು ಕಣ್ಣಿನಲ್ಲೇ ನನ್ನ ಎದೆಯತ್ತ ತೋರಿಸಿದೆ. ಕಾಕ ನೋಡಿದರು. ಕೈ ಆಗಲೂ ಅಲ್ಲೇ ಇತ್ತು.