ಪ್ಯಾರಿಸ್ ಅಜ್ಜನಿಗೊಂದು ಎಲೆ

ನನ್ನ ಸೋದರಮಾವನಿಗೆ ಫ್ರಾನ್ಸಿನಲ್ಲೊಬ್ಬ ಅಜ್ಜ ಇದ್ದರೆಂದರೆ ನೀವು ನಂಬುವುದಿಲ್ಲ. ಅವರ ಸ್ವಂತ ಅಜ್ಜ ಉಡುಪಿ ದಾಟಿದವರೇ ಅಲ್ಲ!

ವಿಷಯ ಇಷ್ಟೇ. ಮಾವ ಕುವೈತಿನ ಶರ್ಕ್‌ನಲ್ಲಿ ಅಕೌಂಟೆಂಟ್; ನಾವೆಲ್ಲ ಇರುವುದೂ ಕುವೈತಿನಲ್ಲೇ. ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟಿದ್ದ ಧಣಿ, ವ್ಯಾಪಾರ ಮುಚ್ಚುವಾಗ ಪ್ರೀತಿಯಿಂದ ಅವರಿಗೊಂದು ಜೇಬುಗಡಿಯಾರ ಕೊಟ್ಟರು. ಫ್ರಾನ್ಸಿನದು, ಬಹಳ ಹಳೆಯದು. ಚಿನ್ನದ ಬೆನ್ನಿಗೆ ನೀಲಿ ಎನಾಮೆಲ್, ಅದರಲ್ಲಿ ಉಗುರಿನಷ್ಟು ಗುಲಾಬಿ. ಮುಚ್ಚಳದೊಳಗೆ ಮಾಡಿದವನ ಹೆಸರಿದೆ. ಫ್ರೆಂಚ್ ಓದುವಾಗ ಅರ್ಧ ಅಕ್ಷರ ನುಂಗಬೇಕಂತೆ. ಮಾವ ಪೂರ್ತಿ ನುಂಗಿ ಅವನನ್ನು ‘ಪ್ಯಾರಿಸ್ ಅಜ್ಜ’ ಮಾಡಿಬಿಟ್ಟರು.

ಗಡಿಯಾರ ದಿನಕ್ಕೆ ಅರ್ಧ ಗಂಟೆ ಹಿಂದೆ ಬೀಳುತ್ತದೆ. ಮದುವೆಯಲ್ಲಿ ನಾವು ಉಂಡು ಕೈ ತೊಳೆಯುವಾಗ ಮಾವ ಬರುತ್ತಾರೆ. "ಅಜ್ಜನಿಗೆ ಪ್ರಾಯ ಆಯ್ತಲ್ಲ ಮಾರಾಯ, ಓಡಿಸ್ಲಿಕ್ಕೆ ಆಗ್ತದಾ?"

ಆಟಿ, ಅಂದರೆ ತುಳುವರ ಆಷಾಢ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಎಲೆಯಲ್ಲಿ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ಕ್ರಮ. ಕಳೆದ ವರ್ಷ ಮಾವ ಒಂದು ಎಲೆ ಹೆಚ್ಚು ಹಾಕಿದರು.

"ಇದು ಯಾರಿಗೆ?" ಅತ್ತೆ ಕೇಳಿದರು.

"ಪ್ಯಾರಿಸ್ ಅಜ್ಜನಿಗೆ. ಇಷ್ಟು ಚಂದ ಮಾಡಿದ ಜನ, ಅವರಿಗೆ ಬಡಿಸ್ಲಿಕ್ಕೆ ಈಗ ಯಾರುಂಟು?"

"ಕೋರಿ ರೊಟ್ಟಿಯ ಕೋಳಿಸಾರಿನ ಖಾರಕ್ಕೆ ಎದ್ದು ಓಡಿಯಾರು. ಸತ್ತವರನ್ನಾದ್ರೂ ಬಿಡಿ ನೀವು."

ಅತ್ತೆ ಎಲೆ ಮಡಚಿ ಫ್ರಿಜ್ಜಿಗಿಟ್ಟರು.

ಈ ವರ್ಷ ಮಾವನಿಗೆ ಹೃದಯದ ಆಪರೇಷನ್. ಒಳಗೆ ಹೋಗುವಾಗ ಗಡಿಯಾರವನ್ನು ಅತ್ತೆಯ ಕೈಗಿಟ್ಟು, "ಕೀ ಕೊಡ್ಲಿಕ್ಕೆ ಮರೀಬೇಡ, ಅಜ್ಜ ನಿಲ್ಬಾರ್ದು" ಎಂದರು. ಅತ್ತೆ ಬೆಂಚಿನಲ್ಲಿ ಕುಳಿತು ಅದನ್ನು ಕಿವಿಗೆ ಒತ್ತಿಕೊಂಡೇ ಇದ್ದರು.

"ಗೋಡೆಯಲ್ಲಿ ಗಡಿಯಾರ ಉಂಟಲ್ಲ ಅತ್ತೆ," ಎಂದೆ.

"ನನಗೆ ಟೈಮ್ ಬೇಡ. ನಡೀತಾ ಇದ್ರೆ ಸಾಕು."

ಡಾಕ್ಟರ್ ಬಂದು ಎಲ್ಲ ಸರಿಯಾಯಿತು ಎಂದಾಗ ನಮಗೆ ಹೋದ ಜೀವ ಬಂದಂತಾಯಿತು. ಎಚ್ಚರವಾದ ಮಾವನ ಮೊದಲ ಮಾತು, "ಅಜ್ಜ ಹೇಗಿದ್ದಾರೆ?" ಮಂಗಳೂರಿನ ನರ್ಸ್ ನನ್ನನ್ನು ಬದಿಗೆ ಕರೆದು, ಅಜ್ಜ ಯಾವ ವಾರ್ಡಿನಲ್ಲಿದ್ದಾರೆ ಎಂದು ಕೇಳಿದಳು!

ಮೊನ್ನೆ ಮತ್ತೆ ಆಟಿ ಬಂತು. ಮಾವ ಸೋಫಾದಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಅತ್ತೆ ತಾವಾಗಿಯೇ ಹಿರಿಯರ ಸಾಲಿನಲ್ಲಿ ಒಂದು ಎಲೆ ಹೆಚ್ಚು ಹಾಕಿ, ಅದರ ಮುಂದೆ ಗಡಿಯಾರವಿಟ್ಟು, ಚಿಕ್ಕ ಪಾತ್ರೆಯಿಂದ ಬೇರೆಯೇ ಸಾರು ಬಡಿಸಿದರು. ತೆಂಗಿನ ಹಾಲು ಹೆಚ್ಚು, ಮೆಣಸು ಇಲ್ಲವೇ ಇಲ್ಲ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಹಸಿವು ತಡೆಯದೆ ನಾನು ಬಾಗಿಲಿಗೆ ಕೈ ಹಾಕಿದೆ.

ಅತ್ತೆ ನನ್ನ ಕೈ ಹಿಡಿದರು. "ನಿಲ್ಲು. ಪ್ಯಾರಿಸ್ ಅಜ್ಜ ಬರುವಾಗ ಅರ್ಧ ಗಂಟೆ ತಡ ಆಗ್ತದೆ."